ಬಾಟಲಿ ಒಯ್ಯಲಿಲ್ಲ, ಖರ್ಜೂರ ಸಿಕ್ಕಿತು

ಅತ್ತಿಗುಪ್ಪೆಯ ನಮ್ಮ ಬಾಡಿಗೆ ಮನೆಯ ಹಾಲ್‌ನಲ್ಲಿ ಸೂಟ್‌ಕೇಸ್ ಬಾಯಿ ತೆರೆದುಕೊಂಡು ಬಿದ್ದಿತ್ತು. ಅಮ್ಮ ಚಟ್ನಿಪುಡಿ, ಸಾರಿನ ಪುಡಿಯ ಪ್ಯಾಕೆಟ್‌ಗಳನ್ನು ಒಂದೊಂದಾಗಿ ಒಳಗಿಡುತ್ತಿದ್ದಳು. ತೂಕ ಜಾಸ್ತಿಯಾಗುತ್ತದೆ ಎಂದು ನಾನು ಒಂದೊಂದಾಗಿ ಹೊರಗೆ ತೆಗೆಯುತ್ತಿದ್ದೆ. ಅದು 2025ರ ಮಾರ್ಚ್ ತಿಂಗಳು. ಮರುದಿನ ಸಂಜೆ ನನ್ನ ಜೀವನದ ಮೊದಲ ವಿಮಾನ ಪ್ರಯಾಣ. ಬೆಂಗಳೂರಿನಿಂದ ದುಬೈ, ಅಲ್ಲಿಂದ ಇನ್ನೊಂದು ವಿಮಾನ ಹತ್ತಿ ಕುವೈತ್.

ರಾತ್ರಿ ಒಂಬತ್ತರ ಸುಮಾರಿಗೆ ಮಹಡಿ ಮನೆಯಿಂದ ಓನರ್ ಅಂಕಲ್ ಇಳಿದು ಬಂದರು. ಬಿಎಂಟಿಸಿಯಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಅಮ್ಮ ಕಾಫಿ ತರಲು ಅಡುಗೆಮನೆಗೆ ಹೋಗುವುದನ್ನೇ ಕಾಯುತ್ತಿದ್ದವರಂತೆ ಜೇಬಿನಿಂದ ಒಂದು ಕವರ್ ತೆಗೆದು ನನ್ನ ಕೈಗಿಟ್ಟರು.

‘ನೋಡು ಮರಿ, ಇದರಲ್ಲಿ ಹತ್ತು ಸಾವಿರ ಇದೆ. ಏರ್‌ಪೋರ್ಟ್ ಒಳಗಡೆ ಡ್ಯೂಟಿ ಫ್ರೀ ಅಂಗಡಿ ಇರುತ್ತಂತಲ್ಲ, ಅಲ್ಲಿ ಎರಡು ಒಳ್ಳೆ ಬಾಟಲಿ ತಗೊಂಡು ನನ್ನ ಮಗನಿಗೆ ಕೊಡು. ಈಗ ಅಲ್ಲಿ ರಂಜಾನ್ ತಿಂಗಳು, ಎಲ್ಲಾ ಬಂದ್ ಅಂತೆ. ಪಾಪ, ಎರಡು ವರ್ಷ ಆಯ್ತು ಊರಿಗೇ ಬಂದಿಲ್ಲ ಅವನು. ಅವನಿಗೆ ಹೇಳಬೇಡ, ಸರ್ಪ್ರೈಸ್ ಆಗಿರಲಿ’ ಎಂದರು.

ನಾನು ‘ಆಯ್ತು ಅಂಕಲ್’ ಅಂದುಬಿಟ್ಟೆ.

ಯಾಕೆ ಹಾಗಂದೆ ಎಂದು ಹೇಳಬೇಕು. ಬಿ.ಕಾಂ ಮುಗಿಸಿ ಎರಡು ವರ್ಷ ನಾನು ಸ್ಪರ್ಧಾತ್ಮಕ ಪರೀಕ್ಷೆಗೆ ಓದಿದವನು. ವಿಜಯನಗರ, ಚಂದ್ರಾ ಲೇಔಟ್ ಕಡೆ ಓಡಾಡುವವರಿಗೆ ಆ ಜೀವನ ಗೊತ್ತು. ಬೆಳಿಗ್ಗೆ ಕೋಚಿಂಗ್, ಮಧ್ಯಾಹ್ನದಿಂದ ಹಂಪಿನಗರದ ಲೈಬ್ರರಿ, ರಾತ್ರಿ ‘ಈ ಸಲ ಕಟ್ ಆಫ್ ಎಷ್ಟಿರಬಹುದು’ ಎಂಬ ಚರ್ಚೆ. ಎರಡು ಸಲ ಪ್ರಿಲಿಮ್ಸ್ ಬರೆದೆ, ಎರಡು ಸಲವೂ ಆಗಲಿಲ್ಲ. ಅಪ್ಪನ ಸಂಬಳದಲ್ಲಿ ಕೂತು ಉಣ್ಣಲು ನಾಚಿಕೆಯಾಗುವ ವಯಸ್ಸು. ಆಗ ಕುವೈತ್‌ನಲ್ಲಿದ್ದ ಅಂಕಲ್ ಮಗನೇ ‘ನಮ್ಮ ಪಕ್ಕದ ಕಂಪನಿಯಲ್ಲಿ ಅಕೌಂಟ್ಸ್‌ಗೆ ಹುಡುಗ ಬೇಕಂತೆ, ಬರ್ತೀಯೇನೋ’ ಎಂದು ಕೇಳಿದ್ದ. ಆನ್‌ಲೈನ್ ಇಂಟರ್‌ವ್ಯೂನಿಂದ ವೀಸಾ ಬರುವವರೆಗೆ ಪ್ರತಿ ಹೆಜ್ಜೆಯಲ್ಲೂ ಫೋನಿನಲ್ಲೇ ದಾರಿ ತೋರಿಸಿದ್ದ. ಅಂಥ ಮನೆಯವರು ಎರಡು ಬಾಟಲಿ ತೆಗೆದುಕೊಂಡು ಹೋಗು ಎಂದರೆ ಹೇಗೆ ಇಲ್ಲ ಅನ್ನುವುದು?

ಮೂರು ಬೇರೆ ಬೇರೆ ವಿಷಯ

ಮಲಗಲು ಹೋದರೂ ನಿದ್ದೆ ಬರಲಿಲ್ಲ. ಕವರ್ ದಿಂಬಿನ ಕೆಳಗಿತ್ತು. ಫೋನ್ ಹಿಡಿದು ಹುಡುಕಲು ಶುರುಮಾಡಿದೆ. ಪರೀಕ್ಷೆಗೆ ಓದಿದ ಅಭ್ಯಾಸ, ನೋಟ್ಸ್ ಬೇರೆ ಮಾಡಿಕೊಂಡೆ. ಅರ್ಧ ಗಂಟೆಯಲ್ಲಿ ಒಂದು ಸಂಗತಿ ಸ್ಪಷ್ಟವಾಯಿತು. ಅಂಕಲ್ ಮಾತ್ರವಲ್ಲ, ನಾನೂ ಮೂರು ಬೇರೆ ಬೇರೆ ವಿಷಯಗಳನ್ನು ಒಂದೇ ಎಂದುಕೊಂಡಿದ್ದೆ. ವಿಮಾನದ ನಿಯಮ ಒಂದು, ಇಳಿಯುವ ದೇಶದ ಕಾನೂನು ಇನ್ನೊಂದು, ರಂಜಾನ್ ತಿಂಗಳ ಕಟ್ಟುಪಾಡು ಮತ್ತೊಂದು.

ಮೊದಲು ವಿಮಾನ. ನಮ್ಮ ದೇಶದೊಳಗೆ ಹಾರಾಡುವ ವಿಮಾನಗಳಲ್ಲಿ ಮದ್ಯ ಕೊಡುವಂತೆಯೇ ಇಲ್ಲ. ವಿದೇಶಕ್ಕೆ ಹೋಗುವ ವಿಮಾನಗಳಲ್ಲಿ ಅದು ಆಯಾ ಸಂಸ್ಥೆಯ ತೀರ್ಮಾನ. ಸೌದಿಯಾ, ಕುವೈತ್ ಏರ್‌ವೇಸ್ ವಿಮಾನಗಳಲ್ಲಿ ವರ್ಷದ ಯಾವ ದಿನ ಹತ್ತಿದರೂ ಮದ್ಯ ಸಿಗುವುದಿಲ್ಲ. ಶಾರ್ಜಾದ ಏರ್ ಅರೇಬಿಯಾದಲ್ಲೂ ಇಲ್ಲ. ದುಬೈನ ಎಮಿರೇಟ್ಸ್‌ನಲ್ಲಿ ರಂಜಾನ್ ತಿಂಗಳಲ್ಲೂ ಕೇಳಿದವರಿಗೆ ಕೊಡುತ್ತಾರೆ, ಅದೇ ವಿಮಾನದಲ್ಲಿ ಉಪವಾಸದಲ್ಲಿರುವವರಿಗೆ ಇಫ್ತಾರ್ ಡಬ್ಬಿಯನ್ನೂ ಕೊಡುತ್ತಾರೆ.

ಎರಡನೆಯದು ನೆಲದ ಕಾನೂನು. ಸೌದಿ ಅರೇಬಿಯಾದಲ್ಲಿ 1952ರಿಂದ ಮದ್ಯನಿಷೇಧ. 2024ರ ಜನವರಿಯಲ್ಲಿ ರಿಯಾದ್‌ನ ರಾಯಭಾರ ಕಚೇರಿಗಳ ಬಡಾವಣೆಯಲ್ಲಿ ಒಂದು ಅಂಗಡಿಯ ಸುದ್ದಿ ಬಂತು. ಅದು ಮುಸ್ಲಿಮೇತರ ರಾಜತಾಂತ್ರಿಕರಿಗೆಂದು ಶುರುವಾದದ್ದು, ನಮ್ಮಂಥ ನೌಕರರಿಗಲ್ಲ. ಕುವೈತ್‌ನಲ್ಲಿ 1960ರ ದಶಕದಿಂದಲೇ ನಿಷೇಧವಿದೆ. ಅಲ್ಲಿನ ವಿಮಾನ ನಿಲ್ದಾಣದ ಡ್ಯೂಟಿ ಫ್ರೀಯಲ್ಲೂ ಮದ್ಯ ಮಾರುವುದಿಲ್ಲ. ಶಾರ್ಜಾದಿಂದ ಅರ್ಧ ಗಂಟೆ ದೂರದ ದುಬೈನಲ್ಲಿ ಮಾತ್ರ ಕಥೆಯೇ ಬೇರೆ. ಯುಎಇಗೆ ಹೋಗುವ ವಯಸ್ಕ ಮುಸ್ಲಿಮೇತರ ಪ್ರಯಾಣಿಕ 4 ಲೀಟರ್‌ವರೆಗೆ ಒಯ್ಯಬಹುದು. ಒಂದೇ ದೇಶದ ಎರಡು ಪಕ್ಕದೂರುಗಳಲ್ಲಿ ಎರಡು ರೀತಿ. ನಮಗೆ ಇದು ವಿಚಿತ್ರ ಅನಿಸಬೇಕಾಗಿಲ್ಲ. ಗುಜರಾತ್‌ನಲ್ಲಿ ಆ ರಾಜ್ಯ ಹುಟ್ಟಿದ 1960ರಿಂದ, ಬಿಹಾರದಲ್ಲಿ 2016ರಿಂದ ಪಾನನಿಷೇಧ ಇದೆಯಲ್ಲ. ಸಂವಿಧಾನದ 47ನೇ ವಿಧಿ ಏನು ಹೇಳುತ್ತದೆ ಎಂದು ಲೈಬ್ರರಿಯಲ್ಲಿ ಉರು ಹೊಡೆದವನಿಗೆ ಇಷ್ಟು ಹೊಳೆಯಲು ಅಷ್ಟು ಹೊತ್ತು ಬೇಕಾಯಿತು!

ಮೂರನೆಯದು ತಿಂಗಳು. ಕತಾರ್‌ನಲ್ಲಿ ಪರವಾನಗಿ ಇದ್ದವರಿಗೆ ಮದ್ಯ ಮಾರುವ ಮಳಿಗೆ ರಂಜಾನ್ ತಿಂಗಳಿಡೀ ಮುಚ್ಚುತ್ತದೆ. ದುಬೈನಲ್ಲಿ ಮೊದಲು ಹಗಲು ಹೊತ್ತು ಬಾರ್‌ಗಳಿಗೆ ನಿರ್ಬಂಧವಿತ್ತು, 2016ರಲ್ಲಿ ಸಡಿಲಿಸಿದರು. ಕುವೈತ್‌ನಲ್ಲಿ ಮದ್ಯದ ಮಟ್ಟಿಗೆ ರಂಜಾನ್‌ಗೂ ಉಳಿದ ತಿಂಗಳುಗಳಿಗೂ ವ್ಯತ್ಯಾಸವೇ ಇಲ್ಲ, ಯಾವಾಗಲೂ ಇಲ್ಲ. ರಂಜಾನ್‌ನಲ್ಲಿ ಹೆಚ್ಚಾಗುವುದು ಇನ್ನೊಂದು ನಿಯಮ. 1968ರ ಕಾನೂನೊಂದರ ಪ್ರಕಾರ ಉಪವಾಸದ ಹೊತ್ತಿನಲ್ಲಿ ಸಾರ್ವಜನಿಕ ಜಾಗದಲ್ಲಿ ತಿಂದರೆ, ಕುಡಿದರೆ, ಅದು ಬರೀ ನೀರೇ ಆಗಿದ್ದರೂ, 100 ದಿನಾರ್‌ವರೆಗೆ ದಂಡ, ಒಂದು ತಿಂಗಳವರೆಗೆ ಜೈಲು. ಎರಡನ್ನೂ ವಿಧಿಸಬಹುದು. ಅದು ಎಲ್ಲ ಧರ್ಮದವರಿಗೂ ಅನ್ವಯ.

ಅಂದರೆ ಅಂಕಲ್ ಅಂದುಕೊಂಡಂತೆ ‘ರಂಜಾನ್ ಅಂತ ಅಂಗಡಿ ಬಂದ್’ ಅಲ್ಲ. ಆ ದೇಶದಲ್ಲಿ ಅಂಗಡಿಯೇ ಇಲ್ಲ. ಅಲ್ಲಿಗೆ ಬಾಟಲಿ ಒಯ್ಯುವುದು ಉಡುಗೊರೆಯಲ್ಲ, ಅಪರಾಧ.

ಯಾರ ಕೈಯಲ್ಲಿದೆಯೋ ಅವರದ್ದೇ ಲಗೇಜ್

ಸುಳ್ಳು ಹೇಳಿ ಪಾರಾಗಬಹುದು ಎಂದು ಮೊದಲು ಯೋಚಿಸಿದೆ. ‘ಡ್ಯೂಟಿ ಫ್ರೀ ಮುಚ್ಚಿತ್ತು ಅಂಕಲ್’ ಎಂದು ಮೆಸೇಜ್ ಹಾಕಿ ದುಡ್ಡು ವಾಪಸ್ ಕಳಿಸಿದರಾಯಿತು. ಆದರೆ ನಾಳೆ ಇನ್ನೊಬ್ಬ ಹುಡುಗ ಹೊರಟಾಗ ಅವರು ಇದೇ ಕವರ್ ಅವನ ಕೈಗಿಡುತ್ತಾರೆ. ಅವನು ನನ್ನ ಹಾಗೆ ಫೋನ್ ಹಿಡಿದು ಹುಡುಕದಿದ್ದರೆ?

ರಾತ್ರಿ ಹನ್ನೆರಡೂವರೆ. ಕುವೈತ್ ನಮಗಿಂತ ಎರಡೂವರೆ ಗಂಟೆ ಹಿಂದೆ, ಅಲ್ಲಿ ಇನ್ನೂ ಹತ್ತು ಗಂಟೆ. ಸರ್ಪ್ರೈಸ್ ಹಾಳಾದರೂ ಚಿಂತೆಯಿಲ್ಲ ಎಂದು ಅಣ್ಣನಿಗೆ ಮೆಸೇಜ್ ಹಾಕಿದೆ. ಎರಡೇ ನಿಮಿಷದಲ್ಲಿ ಫೋನ್ ಬಂತು.

‘ಅಪ್ಪನಿಗೆ ತಲೆ ಕೆಟ್ಟಿದೆಯೇನೋ? ನಾನು ಯಾವತ್ತು ಕೇಳಿದ್ದೆ? ಇಲ್ಲಿ ಬ್ಯಾಗ್ ಮಷಿನ್‌ಗೆ ಹಾಕ್ತಾರೆ. ಸಿಕ್ಕಿಬಿದ್ರೆ ಜೈಲು, ಆಮೇಲೆ ಗಡೀಪಾರು. ನಿನ್ನ ಕೆಲಸ ಶುರುವಾಗೋಕೆ ಮುಂಚೆಯೇ ಮುಗಿಯುತ್ತೆ. ಯಾರಿಗೆ ತಂದೆ ಅಂತ ಕೇಳಿದ್ರೆ ನನ್ನದೂ ಮುಗಿಯುತ್ತೆ. ತರೋದಾದ್ರೆ ನಮ್ಮಮ್ಮನ ಹತ್ರ ಪುಳಿಯೋಗರೆ ಗೊಜ್ಜು ಮಾಡಿಸ್ಕೊಂಡು ಬಾ’ ಎಂದ. ಕೊನೆಗೆ ದನಿ ತಗ್ಗಿಸಿ, ‘ಅಪ್ಪನಿಗೆ ಜೋರಾಗಿ ಹೇಳಬೇಡ ಕಣೋ’ ಅಂತಲೂ ಸೇರಿಸಿದ.

ಬೆಳಿಗ್ಗೆ ಆರಕ್ಕೇ ಮಹಡಿ ಹತ್ತಿದೆ. ಅಂಕಲ್ ಪೇಪರ್ ಓದುತ್ತಿದ್ದರು. ಕವರ್ ಟೀಪಾಯಿ ಮೇಲಿಟ್ಟು ವಿಷಯ ಹೇಳಿದೆ. ಅವರ ಮುಖ ಗಂಟಿಕ್ಕಿತು.

‘ಎಲ್ಲರೂ ತಗೊಂಡು ಹೋಗ್ತಾರಪ್ಪ. ನಿನಗೆ ಆಗಲ್ಲ ಅಂದ್ರೆ ಆಗಲ್ಲ ಅನ್ನು. ಕಾನೂನು ಗೀನೂನು ಯಾಕೆ?’

ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಆಮೇಲೆ ಅವರ ಕೆಲಸವೇ ನೆನಪಾಯಿತು. ‘ಅಂಕಲ್, ನಿಮ್ಮ ಬಸ್ಸಿಗೆ ಚೆಕಿಂಗ್ ಹತ್ತಿದಾಗ ಒಬ್ಬನ ಕಾಲ ಹತ್ತಿರ ಟಿಕೆಟ್ ಇಲ್ಲದ ಮೂಟೆ ಇತ್ತು ಅಂದ್ಕೊಳ್ಳಿ. ಇದು ನನ್ನದಲ್ಲ, ಪಕ್ಕದ ಮನೆಯವರದ್ದು, ಕೊಟ್ಟು ಕಳಿಸಿದಾರೆ ಅಂದ್ರೆ ಬಿಡ್ತಾರಾ?’

ಅವರು ಪೇಪರ್ ಮಡಿಸಿದರು. ‘ಯಾರ ಕೈಯಲ್ಲಿದೆಯೋ ಅವರದ್ದೇ ಲಗೇಜ್’ ಎಂದರು, ನನಗೆ ಹೇಳಿದ್ದೋ ತಮಗೆ ತಾವೇ ಹೇಳಿಕೊಂಡದ್ದೋ ಗೊತ್ತಾಗಲಿಲ್ಲ. ಕವರ್ ತೆಗೆದುಕೊಂಡು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ. ಮಧ್ಯಾಹ್ನ ನಾನು ಹೊರಡುವಾಗ ಆಂಟಿ ಗೊಜ್ಜಿನ ಡಬ್ಬಿ ತಂದುಕೊಟ್ಟರು. ಅಂಕಲ್ ಇಳಿದು ಬರಲಿಲ್ಲ. ಅತ್ತಿಗುಪ್ಪೆ ಮೆಟ್ರೊದಲ್ಲಿ ಮೆಜೆಸ್ಟಿಕ್‌ಗೆ, ಅಲ್ಲಿಂದ ವಾಯುವಜ್ರ ಬಸ್ಸಿನಲ್ಲಿ ದೇವನಹಳ್ಳಿಗೆ ಹೋಗುವ ದಾರಿಯುದ್ದಕ್ಕೂ ಆ ಬಾಗಿಲು ಮುಚ್ಚಿದ ಸದ್ದೇ ಕಿವಿಯಲ್ಲಿತ್ತು. ಸರಿಯಾದದ್ದನ್ನೇ ಮಾಡಿದ್ದರೂ ಉಪಕಾರ ಮರೆತವನಂತೆ ಅನಿಸುತ್ತಿತ್ತು.

ಸೂರ್ಯನ ಹಿಂದೆ

ವಿಮಾನ ಹೊರಟಾಗ ಸಂಜೆ ಐದು ದಾಟಿತ್ತು. ನನಗೆ ಕಿಟಕಿ ಪಕ್ಕದ ಸೀಟು. ಪಕ್ಕದಲ್ಲಿ ಭಟ್ಕಳದ ಹಿರಿಯರೊಬ್ಬರು, ಕುವೈತ್‌ನಲ್ಲಿ ಬಹಳ ವರ್ಷದಿಂದ ವ್ಯಾಪಾರ. ಮೊದಲ ಸಲ ಹೊರಟವನು ಎಂದು ಗೊತ್ತಾಗಿ ಸೀಟ್ ಬೆಲ್ಟ್ ಹಾಕುವುದನ್ನೂ ಅವರೇ ತೋರಿಸಿದರು.

ಸ್ವಲ್ಪ ಹೊತ್ತಿಗೆ ತಳ್ಳುಗಾಡಿ ಬಂತು. ಗಗನಸಖಿ ಬಗ್ಗಿ ‘ಜ್ಯೂಸ್, ಬಿಯರ್, ವೈನ್?’ ಎಂದು ಕೇಳಿದಳು. ಹಿಂದಿನ ಸಾಲಿನವರು ವಿಸ್ಕಿ ಕೇಳಿದ್ದು ಕೇಳಿಸಿತ್ತು. ನಿಜ ಹೇಳಬೇಕೆಂದರೆ ನನಗೂ ಒಂದು ಬಿಯರ್ ಆಸೆಯಿತ್ತು. ದುಡ್ಡು ಕೊಡಬೇಕಾಗಿಲ್ಲ, ಮನೆಯವರು ಯಾರೂ ನೋಡುವುದಿಲ್ಲ. ಆದರೆ ಪಕ್ಕದವರು ಬೆಳಗಿನಿಂದ ನೀರೂ ಮುಟ್ಟಿಲ್ಲ. ‘ಮ್ಯಾಂಗೋ ಜ್ಯೂಸ್’ ಅಂದೆ. ಅದನ್ನೂ ಕುಡಿಯದೆ ಮುಂದಿಟ್ಟುಕೊಂಡು ಕೂತೆ.

ಅವರಿಗೆ ಅರ್ಥವಾಯಿತು. ‘ಕುಡಿ ಮಾರಾಯ. ನನಗೋಸ್ಕರ ಬೇಡ ಅನ್ನಬೇಡ. ನಿನಗೆ ಬೇಡ ಅಂತಿದ್ದರೆ ಬೇಡ ಅನ್ನು. ಪ್ರಯಾಣದಲ್ಲಿ ಇರುವವರಿಗೆ ಉಪವಾಸ ಬಿಡಲು ರಿಯಾಯಿತಿ ಉಂಟು, ಬೇರೆ ದಿನ ಮಾಡಿದರಾಯಿತು. ನಾನೇ ಬಿಟ್ಟಿಲ್ಲ. ಅದು ನನ್ನ ಇಷ್ಟ, ನಿನಗೆ ಯಾಕೆ ಶಿಕ್ಷೆ?’ ಎಂದು ನಕ್ಕರು. ಆಮೇಲೆ ಸಣ್ಣ ದನಿಯಲ್ಲಿ, ‘ಆದರೆ ಒಂದು ಮಾತು. ಇಲ್ಲಿ ಕುಡಿದದ್ದು ವಿಮಾನದಲ್ಲೇ ಇಳಿದು ಹೋಗುವುದಿಲ್ಲ, ನಿನ್ನ ಜೊತೆಯೇ ಇಳಿಯುತ್ತದೆ. ಬಾಯಿ ವಾಸನೆ ಹೊಡೆಯುತ್ತಾ ಕುವೈತ್‌ನಲ್ಲಿ ಇಳಿಯಬಾರದು’ ಎಂದರು. ನಾನು ಗಮನಿಸಿರಲೇ ಇಲ್ಲ. ಬಾಟಲಿ ಒಯ್ಯುವುದರ ಬಗ್ಗೆ ಅಷ್ಟು ಓದಿದವನು ಹೊಟ್ಟೆಯಲ್ಲಿ ಒಯ್ಯುವುದರ ಬಗ್ಗೆ ಯೋಚಿಸಿರಲಿಲ್ಲ. ಕೊಲ್ಲಿ ರಾಷ್ಟ್ರಗಳಲ್ಲಿ ಸಾರ್ವಜನಿಕವಾಗಿ ಅಮಲಿನಲ್ಲಿರುವುದೇ ಅಪರಾಧ. ದುಬೈನಂಥ ಕಡೆ ವಿಮಾನ ಬದಲಿಸಲು ಇಳಿದವರಿಗೂ ಅದು ಅನ್ವಯಿಸುತ್ತದೆ.

ನನ್ನ ಫೋನಿನಲ್ಲಿ ಇನ್ನೂ ಬೆಂಗಳೂರಿನ ಸಮಯವಿತ್ತು. ಆರೂವರೆ ಆಯಿತು. ಪಾದರಾಯನಪುರದಲ್ಲಿ ಈಗ ಬೀದಿ ತುಂಬ ಸಮೋಸ, ಹಣ್ಣಿನ ತಟ್ಟೆ, ಎಲ್ಲರೂ ಉಪವಾಸ ಬಿಡುತ್ತಿರುತ್ತಾರೆ. ಇಲ್ಲಿ ಸೂರ್ಯ ಇಳಿಯುವ ಲಕ್ಷಣವೇ ಇಲ್ಲ. ಏಳು ಗಂಟೆಯಾಯಿತು, ಏಳೂವರೆಯಾಯಿತು. ಹಿರಿಯರು ಕಿಟಕಿಯ ಕಡೆ ನೋಡಿ, ‘ನಾವು ಸೂರ್ಯನ ಹಿಂದೆಯೇ ಓಡುತ್ತಾ ಇದ್ದೇವೆ. ಅವನು ಸಿಗುವುದಿಲ್ಲ, ಬಿಡುವುದೂ ಇಲ್ಲ’ ಎಂದರು. ಪಶ್ಚಿಮಕ್ಕೆ ಹಾರುವವರಿಗೆ ಹಗಲು ಉದ್ದವಾಗುತ್ತದೆ. ಮೇಲೆ ಇದ್ದಷ್ಟೂ ಸೂರ್ಯ ಹೆಚ್ಚು ಹೊತ್ತು ಕಾಣುತ್ತಾನೆ. ಬುರ್ಜ್ ಖಲೀಫಾದಲ್ಲೇ 80ನೇ ಅಂತಸ್ತಿಗಿಂತ ಮೇಲಿರುವವರು 2 ನಿಮಿಷ, 150ಕ್ಕಿಂತ ಮೇಲಿರುವವರು 3 ನಿಮಿಷ ತಡವಾಗಿ ಉಪವಾಸ ಬಿಡಬೇಕು ಎಂದು 2011ರಲ್ಲಿ ದುಬೈನ ಧರ್ಮಗುರುಗಳು ಹೇಳಿದ್ದರಂತೆ. ಎಮಿರೇಟ್ಸ್‌ನಂಥ ಸಂಸ್ಥೆಗಳು ವಿಮಾನ ಇರುವ ಅಕ್ಷಾಂಶ, ರೇಖಾಂಶ, ಎತ್ತರ ಎಲ್ಲ ಲೆಕ್ಕ ಹಾಕಿ ಇಫ್ತಾರ್ ಸಮಯ ಹೇಳುತ್ತವೆ.

ಕೊನೆಗೂ ಆಕಾಶ ಕೆಂಪಾಗಿ, ಮೈಕ್‌ನಲ್ಲಿ ಪ್ರಕಟಣೆ ಬಂತು. ಅವರು ಡಬ್ಬಿ ಬಿಚ್ಚಿದರು. ತಾವು ಬಾಯಿಗಿಡುವ ಮೊದಲು ಮೂರು ಖರ್ಜೂರ ನನ್ನ ಅಂಗೈಗೆ ಹಾಕಿದರು. ಹಿಂದಿನ ಸಾಲಿನಲ್ಲಿ ಎರಡನೇ ವಿಸ್ಕಿ ಬಂದಿತ್ತು. ಇಬ್ಬರಿಗೂ ಕೊಟ್ಟದ್ದು ಅದೇ ಗಗನಸಖಿ, ಅದೇ ನಗುಮುಖ. ಅವಳೂ ಉಪವಾಸ ಇದ್ದಿರಬಹುದೇ ಎಂದು ನನಗೆ ಆಗ ಅನಿಸಿತು. ಕೇಳಲಿಲ್ಲ. ಏವಿಯೇಷನ್ ಕೋರ್ಸ್ ಮಾಡಿ ಇಂಟರ್‌ವ್ಯೂಗೆ ಓಡಾಡುವ ಗೆಳೆಯರು ಇದನ್ನೂ ಒಮ್ಮೆ ಯೋಚಿಸಿ. ತಾನು ಮುಟ್ಟದ್ದನ್ನು ಇನ್ನೊಬ್ಬರಿಗೆ ಮುಖ ಸಿಂಡರಿಸದೆ ಬಡಿಸುವುದೂ ಆ ಕೆಲಸದ ಭಾಗವೇ.

ಗೊಜ್ಜಿನ ಡಬ್ಬಿ

ದುಬೈನಲ್ಲಿ ಮೂರು ಗಂಟೆ ಕಾಯಬೇಕಿತ್ತು. ಡ್ಯೂಟಿ ಫ್ರೀ ಅಂಗಡಿ ನಮ್ಮ ಮೆಜೆಸ್ಟಿಕ್ ಬಸ್ ನಿಲ್ದಾಣದಷ್ಟು ದೊಡ್ಡದು ಅನಿಸಿತು. ರಂಜಾನ್ ರಾತ್ರಿಯಲ್ಲೂ ಮದ್ಯದ ಸಾಲು ತೆರೆದೇ ಇತ್ತು. ಖರ್ಜೂರದ ಸಾಲಿನಲ್ಲೂ ಅಷ್ಟೇ ಜನ. ಬಿಲ್ ಮಾಡುವವರು ಬೋರ್ಡಿಂಗ್ ಪಾಸ್ ಕೇಳುತ್ತಾರೆ, ಸೀಲ್ ಮಾಡಿದ ಚೀಲದಲ್ಲಿ ಹಾಕಿಕೊಡುತ್ತಾರೆ. ಮುಂದಿನ ದೇಶದಲ್ಲಿ ಅದು ನಡೆಯುತ್ತದೋ ಇಲ್ಲವೋ ಎಂದು ನೋಡಿಕೊಳ್ಳುವುದು ಕೊಂಡವನ ಪಾಲು. ಇಲ್ಲಿ ಬಿಲ್ ಸಮೇತ ಕೊಂಡದ್ದು ಎರಡು ಗಂಟೆಯೊಳಗೆ ಇನ್ನೊಂದು ನೆಲದಲ್ಲಿ ಕಳ್ಳಮಾಲು ಆಗುತ್ತದೆ.

ಕುವೈತ್‌ನಲ್ಲಿ ಇಳಿದು, ಬ್ಯಾಗ್ ಎತ್ತಿಕೊಂಡು ಹೊರಗೆ ಬರುವಾಗ ಮಷಿನ್ ದಾಟಬೇಕಿತ್ತು. ನನ್ನ ಸೂಟ್‌ಕೇಸ್ ಒಳಗೆ ಹೋಗಿ ಹೊರಗೆ ಬಂತು. ಅಧಿಕಾರಿ ಕೈ ಎತ್ತಿ ನಿಲ್ಲಿಸಿದರು, ತೆರೆ ಎಂದು ಸನ್ನೆ ಮಾಡಿದರು. ನನ್ನ ಕಾಲು ನಡುಗಿತು. ಅವರು ಬಟ್ಟೆಗಳ ಕೆಳಗಿಂದ ಗೊಜ್ಜಿನ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ ಮೂಸಿದರು. ಹುಣಸೆ, ಇಂಗಿನ ವಾಸನೆಗೆ ತಲೆ ಹಿಂದೆ ಎಳೆದುಕೊಂಡು ‘ಹೋಗು ಹೋಗು’ ಎಂದು ಕೈ ಬೀಸಿದರು. ನಾನು ಡಬ್ಬಿ ಮುಚ್ಚುವಾಗ ಕೈ ಬೆವರಿ ಮುಚ್ಚಳ ಜಾರುತ್ತಿತ್ತು. ಏನೂ ತಪ್ಪು ಮಾಡದಿದ್ದಾಗಲೇ ಇಷ್ಟು ಭಯ. ಆ ಡಬ್ಬಿಯ ಜಾಗದಲ್ಲಿ ಎರಡು ಬಾಟಲಿ ಇದ್ದಿದ್ದರೆ?

ಹೊರಗೆ ಅಣ್ಣ ಕಾಯುತ್ತಿದ್ದ. ಡಬ್ಬಿ ಕೊಟ್ಟೆ. ಅಲ್ಲೇ ನಿಂತು ಬೆರಳಿಂದ ಸ್ವಲ್ಪ ನೆಕ್ಕಿ ನೋಡಿ ಒಂದು ನಿಮಿಷ ಮಾತಾಡಲಿಲ್ಲ.

ಆಗಸ್ಟ್‌ನಲ್ಲಿ ಬಂದ ಫೋನ್

ಐದು ತಿಂಗಳು ಅಂಕಲ್ ನನ್ನ ಜೊತೆ ಮಾತಾಡಲಿಲ್ಲ. 2025ರ ಆಗಸ್ಟ್ ಮಧ್ಯದಲ್ಲಿ ಒಂದು ರಾತ್ರಿ ಅವರೇ ಫೋನ್ ಮಾಡಿದರು. ಆ ವಾರ ಕುವೈತ್‌ನಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದು 160 ಜನ ಅಸ್ವಸ್ಥರಾಗಿದ್ದರು, 23 ಜನ ಸತ್ತಿದ್ದರು. ಕೆಲವರ ಕಣ್ಣು ಹೋಗಿತ್ತು. ಬಹುತೇಕ ಎಲ್ಲರೂ ಏಷ್ಯಾದ ಬೇರೆ ದೇಶಗಳಿಂದ ದುಡಿಯಲು ಬಂದವರು. ನಮ್ಮವರೂ ಆಸ್ಪತ್ರೆ ಸೇರಿದ್ದರು.

‘ಅವನು ಫೋನ್ ಎತ್ತುತ್ತಾ ಇಲ್ಲ ಕಣಪ್ಪ. ಚೆನ್ನಾಗಿದಾನಾ?’ ಎಂದರು. ದನಿ ನಡುಗುತ್ತಿತ್ತು. ಅಣ್ಣ ನೈಟ್ ಶಿಫ್ಟ್‌ನಲ್ಲಿದ್ದ. ‘ಚೆನ್ನಾಗಿದಾನೆ ಅಂಕಲ್, ಸಂಜೆ ಜೊತೆಗೇ ಊಟ ಮಾಡಿದ್ವಿ’ ಎಂದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಒಳ್ಳೇದು ಸಿಗದಿದ್ರೆ ಜನ ಕೆಟ್ಟದ್ದು ಕುಡೀತಾರೆ. ಅದಕ್ಕೇ ಅವತ್ತು ಕಳಿಸಬೇಕು ಅನ್ನಿಸಿತ್ತು ನನಗೆ’ ಎಂದರು.

ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ, ಇವತ್ತಿಗೂ ಪೂರ್ತಿ ಇಲ್ಲ. ನಿಷೇಧ ಇದ್ದಲ್ಲಿ ಕಳ್ಳಭಟ್ಟಿ ಹುಟ್ಟುತ್ತದೆ ಎಂಬುದನ್ನು ಬಿಹಾರ, ಗುಜರಾತ್‌ನ ಸುದ್ದಿಗಳಲ್ಲೂ ಓದಿದ್ದೇವೆ. ಆದರೆ ಆ ಚರ್ಚೆಯನ್ನು ಕೆಲಸ ಹುಡುಕಿ ಹೋದ ಹುಡುಗನ ಸೂಟ್‌ಕೇಸಿನಲ್ಲಿ ಹಾಕಿ ಕಳಿಸಲಾಗದು. ಅಂಕಲ್‌ಗೆ ಇಷ್ಟೇ ಹೇಳಿದೆ: ‘ಅವನು ಕುಡಿಯೋದನ್ನೇ ಬಿಟ್ಟಿದಾನೆ ಅಂಕಲ್. ನಿಮ್ಮನ್ನ ನೋಡಬೇಕು ಅಂತಾನೆ ಅಷ್ಟೇ.’

2026ರ ಫೆಬ್ರುವರಿಯಲ್ಲಿ ಮತ್ತೆ ರಂಜಾನ್ ಬಂತು. ಅದು ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ. 2030ರಲ್ಲಂತೂ ಜನವರಿಯಲ್ಲೊಮ್ಮೆ, ಡಿಸೆಂಬರ್‌ನಲ್ಲೊಮ್ಮೆ ಎರಡು ಸಲ ಬರಲಿದೆ. ಈ ದಿನಗಳಲ್ಲಿ ಕೊಲ್ಲಿಯ ಕಡೆ ಟಿಕೆಟ್ ಮಾಡಿಸುವವರು ನನ್ನ ಆ ರಾತ್ರಿಯ ನೋಟ್ಸ್‌ನಿಂದ ಮೂರು ಪ್ರಶ್ನೆ ತೆಗೆದುಕೊಳ್ಳಿ. ಹತ್ತುವ ವಿಮಾನ ಯಾವುದು? ಕೊನೆಗೆ ಇಳಿಯುವ ನೆಲ ಯಾವುದು? ಆಗ ನಡೆಯುತ್ತಿರುವ ತಿಂಗಳು ಯಾವುದು? ಮೂರಕ್ಕೂ ಉತ್ತರ ಬೇರೆ ಬೇರೆ. ಎರಡನೆಯದರ ಉತ್ತರವೇ ಎಲ್ಲಕ್ಕಿಂತ ಮುಖ್ಯ. ಜೊತೆಗೆ, ಬೇರೆಯವರು ಕೊಟ್ಟ ಪೊಟ್ಟಣವನ್ನು ಬಿಚ್ಚಿ ನೋಡದೆ ಒಯ್ಯಬೇಡಿ. ಕೊಟ್ಟವರು ಎಷ್ಟೇ ಹತ್ತಿರದವರಾಗಿರಲಿ.

ಜನವರಿಯಲ್ಲಿ ರಜೆಗೆ ಬಂದೆ, ಕುವೈತ್‌ನಿಂದ ನೇರವಾಗಿ ಬೆಂಗಳೂರಿಗೆ. ವಿಮಾನದಲ್ಲಿ ಜ್ಯೂಸ್, ನೀರು ಅಷ್ಟೇ. ದೇವನಹಳ್ಳಿಯಲ್ಲಿ ಇಳಿದು, ಬ್ಯಾಗ್‌ಗೆ ಕಾಯುವಾಗ ಅಲ್ಲೇ ಡ್ಯೂಟಿ ಫ್ರೀ ಅಂಗಡಿ ಕಂಡಿತು. ವಿದೇಶದಿಂದ ಬರುವವರಿಗೆ ನಮ್ಮ ಕಸ್ಟಮ್ಸ್ 2 ಲೀಟರ್‌ವರೆಗೆ ಬಿಡುತ್ತದೆ. ಒಂದು ಬಾಟಲಿ ತೆಗೆದುಕೊಂಡೆ. ಅತ್ತಿಗುಪ್ಪೆಗೆ ಬಂದು ಮಹಡಿ ಹತ್ತಿ, ಒಂದು ಡಬ್ಬಿ ಖರ್ಜೂರದ ಜೊತೆ ಅಂಕಲ್ ಮುಂದಿಟ್ಟೆ.

ಅವರು ಬಾಟಲಿಯನ್ನು ಅತ್ತಿತ್ತ ತಿರುಗಿಸಿ ನೋಡಿದರು. ‘ಟಿಕೆಟ್ ಇದೆಯೇನೋ?’ ಎಂದರು.

ಜೇಬಿನಿಂದ ಬಿಲ್ ತೆಗೆದು ಕೊಟ್ಟೆ. ಕನ್ನಡಕ ಏರಿಸಿಕೊಂಡು ತಾರೀಕು, ಮೊತ್ತ ಎಲ್ಲ ಓದಿದರು. ಆಮೇಲೆ ಮೊದಲು ಖರ್ಜೂರದ ಡಬ್ಬಿಯನ್ನೇ ಬಿಚ್ಚಿದರು.